ಕೂಗದೆ ಗೀಸರ್ ಹಾಕಬಾರದ ಮನೆ

ಧೈರ್ಯವಂತರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಹೊರಟಿರುವುದು ನಾನು ಕಂಡ ಅತಿ ದೊಡ್ಡ ಪುಕ್ಕಲು ಜೀವದ ಬಗ್ಗೆ. ಕಡೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಯಜಮಾನಿ ಅವರು. ಬೀದಿಗೆಲ್ಲ ದೊಡ್ಡಮ್ಮ. ಹೋದ ತಿಂಗಳು ತೀರಿಕೊಂಡರು ಎಂದು ಆ ಮನೆಯ ಹಿಂದಿನ ಭಾಗದಲ್ಲಿ ಈಗಲೂ ಇರುವ ನಸೀಮಾ ಫೋನ್ ಮಾಡಿದಾಗ, ನಾನು ತರೀಕೆರೆಯ ನಮ್ಮ ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತ ನಿಂತಿದ್ದೆ. ಸುದ್ದಿ ಕೇಳಿ ಮೊದಲು ಮಾಡಿದ ಕೆಲಸ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದ್ದು. ಅಳು ಬಂದದ್ದು ಆಮೇಲೆ.

ಹೆದರಿಕೆಯೂ ನೆಗಡಿಯ ಹಾಗೆ ಅಂಟಿಕೊಳ್ಳುತ್ತದೆ. ನನಗೆ ಅಂಟಿಸಿದವರು ಅವರು.

ಅದು ಹೆಂಚಿನ ಹಳೆಯ ಮನೆ. ಒಂದು ಕುಟುಂಬಕ್ಕೆಂದು ಕಟ್ಟಿದ್ದನ್ನು ಗೋಡೆ ಎಬ್ಬಿಸಿ ಮೂರು ಮಾಡಿದ್ದರು. ಮುಂದಿನ ಭಾಗದಲ್ಲಿ ದೊಡ್ಡಮ್ಮ, ನಡುವೆ ನಾವು, ಹಿಂದೆ ನಸೀಮಾಳ ಸಂಸಾರ. ಗೋಡೆಗಳೇನೋ ಮೂರು ಪಾಲಾದವು, ಕರೆಂಟು ಪಾಲಾಗಲಿಲ್ಲ. ಒಂದೇ ಮೀಟರು, ಓಣಿಯಂಥ ಪಡಸಾಲೆಯಲ್ಲಿ ಒಂದೇ ಬೋರ್ಡು, ಆ ಬೋರ್ಡಿನಲ್ಲಿ ಮೂರು ಮನೆಗೂ ಸೇರಿ ಒಂದೇ ಎಂಸಿಬಿ, ಫ್ಯೂಸಿನ ಬದಲಿಗೆ ಕೂರಿಸುವ ಪುಟ್ಟ ಸ್ವಿಚ್ಚು. ಅದರ ಮೇಲೆ ಹದಿನಾರು ಎಂದು ಬರೆದಿತ್ತು. ಹದಿನಾರು ಆಂಪಿಯರ್‌ಗಿಂತ ಹೆಚ್ಚು ಎಳೆದರೆ ಸ್ವಲ್ಪ ಹೊತ್ತು ಸಹಿಸಿಕೊಂಡು, ಆಮೇಲೆ ಟಕ್ಕೆಂದು ಬೀಳುತ್ತಿತ್ತು. ಮೂರು ಮನೆಯೂ ಒಟ್ಟಿಗೆ ಕತ್ತಲು.

ಆದ್ದರಿಂದ ಆ ಮನೆಯಲ್ಲಿ ಒಂದು ಶಾಸ್ತ್ರವಿತ್ತು. ಗೀಸರ್ ಹಾಕುವವರು ಹಿತ್ತಲ ಬಾಗಿಲಿಗೆ ಬಂದು ಕೂಗಬೇಕು.

"ಗೀಸರ್ ಹಾಕ್ತೀನಿ ಕಣ್ರೇ!" ಎಂದು ನಾನು.

"ತಡೀರಕ್ಕಾ, ಇಸ್ತ್ರಿ ಐತೆ, ಎರಡು ರವಿಕೆ ಉಳಿದದೆ!" ಎಂದು ಹಿಂದಿನಿಂದ ನಸೀಮಾ. ಅವಳು ಬಟ್ಟೆ ಹೊಲಿಯುತ್ತಿದ್ದಳು, ಹೊಲಿದದ್ದಕ್ಕೆಲ್ಲ ಇಸ್ತ್ರಿ ಹಾಕಲೇಬೇಕಿತ್ತು.

"ಆಯ್ತು, ಹಾಕ್ಕಳಿ!" ಎಂದು ಅವಳು ಕೂಗಿದ ಮೇಲೆಯೇ ನಮ್ಮ ಸ್ನಾನ. ಮುಗಿದ ಮೇಲೆ "ಗೀಸರ್ ಆರ್ಸಿದೆ!" ಎಂದು ಇನ್ನೊಂದು ಕೂಗು. ನಾನು ಹೊಸದಾಗಿ ಹೋದಾಗ ಮುಂಜಾನೆ ಈ ಗಲಾಟೆ ಕೇಳಿ ಸಂತೆಗೆ ಬಂದು ಮನೆ ಮಾಡಿದೆವಾ ಅನ್ನಿಸಿತ್ತು. ಬಂದ ನೆಂಟರ ಎದುರು ಕೂಗಲು ನಾಚಿಕೆ. ಒಮ್ಮೆ ಕೂಗದೆ ಹಾಕಿದೆ. ಕರೆಂಟೇನೂ ಹೋಗಲಿಲ್ಲ, ಆದರೆ ದೊಡ್ಡಮ್ಮ ಬಂದು ಬಾಗಿಲಲ್ಲಿ ನಿಂತರು. ಬೈಯಲಿಲ್ಲ. ಮುಖ ಬಿಳುಚಿಕೊಂಡಿತ್ತು.

"ನಾಚ್ಕೆ ಆದ್ರೆ ಮೆತ್ತಗೆ ಕೂಗವ್ವ. ಕೂಗದೆ ಮಾತ್ರ ಹಾಕ್ಬೇಡ," ಎಂದರು.

ವಾಟ್, ಆಂಪಿಯರ್ ಅವರಿಗೆ ತಿಳಿಯುತ್ತಿರಲಿಲ್ಲ. ಅವರ ಲೆಕ್ಕ ಬೇರೆ. ಕರೆಂಟಿನ ಸಾಮಾನುಗಳಲ್ಲಿ ಮೂರು ಜಾತಿ: ಬೆಳಗುವುದು, ತಿರುಗುವುದು, ಕಾಯುವುದು. ಬೆಳಗುವುದು ಎಷ್ಟಾದರೂ ಇರಲಿ. ತಿರುಗುವುದು ಒಂದೆರಡು ಇರಬಹುದು. ಕಾಯುವುದು ಮಾತ್ರ ಒಂದು ಹೊತ್ತಿಗೆ ಒಂದೇ. "ಒಂದ್ ಮನೇಲಿ ಒಂದ್ ಒಲೆ ಕಣೇ. ಎರಡಾದ್ರೆ ಜಗಳ." ಇಷ್ಟಕ್ಕೇ ನಿಂತಿದ್ದರೆ ಅವರನ್ನು ಬುದ್ಧಿವಂತೆ ಎಂದು ಬರೆದು ಮುಗಿಸಬಹುದಿತ್ತು. ಆದರೆ ಅವರು ಮೊಬೈಲ್ ಚಾರ್ಜಿಗೆ ಹಾಕಿದರೆ ಪಕ್ಕದಲ್ಲೇ ಕಾದು ಕೂರುತ್ತಿದ್ದರು. ಯಗಟಿ ಕಡೆ ಎಲ್ಲೋ ಗುಡುಗಿದರೆ ಇಲ್ಲಿ ಟಿವಿಯ ವೈರನ್ನು ಕಿತ್ತು ಮೂಲೆಗೆಸೆಯುತ್ತಿದ್ದರು. ರಬ್ಬರ್ ಚಪ್ಪಲಿ ಮೆಟ್ಟದೆ ಸ್ವಿಚ್ ಮುಟ್ಟುತ್ತಿರಲಿಲ್ಲ, ಮುಟ್ಟುವುದೂ ಲಟ್ಟಣಿಗೆಯ ತುದಿಯಿಂದ. ಫ್ರಿಡ್ಜು ಕೊಂಡುಕೊಳ್ಳಿ ಎಂದರೆ, "ನಾವ್ ಮಲಗಿದ್ರೂ ಅದು ಎಚ್ಚರ ಇರ್ತದಲ್ಲವ್ವ, ಅದೇ ಭಯ," ಅನ್ನುತ್ತಿದ್ದರು. ನಾನೂ ನಸೀಮಾಳೂ ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಅವರ ನಡಿಗೆಯನ್ನು, ಲಟ್ಟಣಿಗೆ ಹಿಡಿಯುವ ವರಸೆಯನ್ನು ಅಣಕಿಸಿ ನಗುತ್ತಿದ್ದೆವು.

ಇನ್ನೊಂದು ಅಭ್ಯಾಸವಿತ್ತು. ದಿನಕ್ಕೊಮ್ಮೆ ಮೂರೂ ಮನೆಗೆ ಬಂದು ವೈರು ಹೋದ ದಾರಿಯಲ್ಲೆಲ್ಲ ಗೋಡೆ ಮುಟ್ಟಿ ನೋಡುತ್ತಿದ್ದರು. ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ, ಹಿಂಗೈಯಿಂದ. ಮೂಗೆತ್ತಿ ವಾಸನೆ ನೋಡುತ್ತಿದ್ದರು. ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಯಾಕೆ ಯಾವಾಗಲೂ ಹಿಂಗೈ ಎಂದು ಕೇಳಿದೆ. ಬಲ ಅಂಗೈಯನ್ನು ನನ್ನ ಮುಂದೆ ಚಾಚಿದರು. ಅಲ್ಲಿ ರೇಖೆಗಳೇ ಇರಲಿಲ್ಲ. ಬೆಂದು ಕೂಡಿಕೊಂಡ ಚರ್ಮ, ಹೊಳೆಯುತ್ತಿತ್ತು.

"ಇದಕ್ಕೆ ಬಿಸಿ ತಿಳಿಯಾಕಿಲ್ಲ," ಎಂದರು.

ಅವರನ್ನು ಪಂಚನಹಳ್ಳಿಗೆ ಕೊಟ್ಟಿದ್ದರು. ತೆಂಗಿನ ತೋಟದವರು. ನಮ್ಮ ಸೀಮೆಯಲ್ಲಿ ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ, ಹೆಚ್ಚುಕಡಿಮೆ ವರ್ಷವಿಡೀ ಅಲ್ಲೇ ಒಣಗಬೇಕು. ಕೆಳಗೆ ಸಂಸಾರ, ಮೇಲೆ ಒಣ ನಾರಿನ ರಾಶಿ. ಅವರ ಅತ್ತೆಮನೆಯಲ್ಲಿ ಫ್ಯೂಸು ಪದೇ ಪದೇ ಸುಟ್ಟುಹೋಗುತ್ತಿತ್ತಂತೆ. ಬೇಸತ್ತ ಗಂಡ ಒಂದು ದಿನ ಫ್ಯೂಸಿಗೆ ಬೇಲಿ ತಂತಿ ಸುತ್ತಿದ. ಅವತ್ತಿನಿಂದ ಫ್ಯೂಸು ಹೋಗಲಿಲ್ಲ.

"ಎಲ್ರಿಗೂ ಖುಷಿ ಆಯ್ತು. ನನ್ಗೂವೆ," ಎಂದರು ದೊಡ್ಡಮ್ಮ, ಅವರೆಕಾಯಿಯಿಂದ ಕಣ್ಣೆತ್ತದೆ. "ಆಮೇಲೆ ಅಟ್ಟ ಹತ್ಕಂತು."

ಜನ ಎಲ್ಲ ಹೊರಗೆ ಬಂದರು. ಇವರು ಕೊಟ್ಟಿಗೆಗೆ ನುಗ್ಗಿ ಹಸುಗಳ ಸರಪಳಿ ಬಿಚ್ಚಿದರು. ಕಬ್ಬಿಣದ ಸರಪಳಿ, ಆಗಲೇ ಕಾದಿತ್ತು. ಹಸುಗಳು ಉಳಿದವು. ಕರು ಉಳಿಯಲಿಲ್ಲ. ಈ ಕತೆ ಕೇಳಿದ ದಿನದಿಂದ ನಮ್ಮ ಅಣಕ ನಿಂತುಹೋಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಲ್ಲಲಿಲ್ಲ, ಸ್ವಲ್ಪ ಕಡಿಮೆಯಾಯಿತು.

ಅವರ ಮೇಲೆ ನನಗೆ ಕೋಪ ಬರುತ್ತಿದ್ದುದು ಬೇರೆ ಕಾರಣಕ್ಕೆ. ಅಷ್ಟು ಹೆದರುವವರು ಹಳೆಯ ವೈರಿಂಗ್ ತೆಗೆಸಿ ಹೊಸದು ಹಾಕಿಸಬಹುದಿತ್ತಲ್ಲ? ಕಡೂರಿನ ಮನೆಯ ಅಟ್ಟದಲ್ಲೂ ಪಂಚನಹಳ್ಳಿ ತೋಟದ ಕಾಯಿಯೇ ತುಂಬಿತ್ತು. ಮುಖ್ಯ ವೈರು ಆ ಅಟ್ಟದ ಮೇಲೇ ಹಾದು ನಮ್ಮ ಕೋಣೆಗೆ ಇಳಿದು ಹಿಂದಕ್ಕೆ ಹೋಗುತ್ತಿತ್ತು. ನನ್ನ ಗಂಡ ಎಷ್ಟೋ ಸಲ ಹೇಳಿದರು. "ಬ್ಯಾಡಪ್ಪ, ಮಲಗಿರೋ ಹಾವಿನ ತಲೆ ಯಾಕ್ ತುಳೀಬೇಕು," ಎಂದು ಅವರು ಎದ್ದುಹೋಗುತ್ತಿದ್ದರು. ಹೆದರಿಕೆ ಅವರಿಂದ ಮೂರು ಮನೆಗೂ ಕಾವಲು ಕಾಯಿಸುತ್ತಿತ್ತು. ಆ ಮನೆಗೆ ಬೇಕಾಗಿದ್ದ ಒಂದೇ ಒಂದು ರಿಪೇರಿಯನ್ನು ಮಾಡಲು ಬಿಡದಿದ್ದುದೂ ಅದೇ ಹೆದರಿಕೆ.

ಹೀಗಿರುವಾಗ ನನಗೆ ಮಗಳು ಹುಟ್ಟಿದಳು. ಬಾಣಂತನಕ್ಕೆ ನಾನು ಅಜ್ಜಂಪುರದ ತವರಿಗೆ ಹೋಗಬೇಕಿತ್ತು. ಮಗುವಿನ ತೂಕ ಕಡಿಮೆ, ಬೆಚ್ಚಗಿಡಿ, ಆಸ್ಪತ್ರೆಗೆ ಹತ್ತಿರದಲ್ಲಿರಿ ಎಂದು ಡಾಕ್ಟರು ಹೇಳಿದ್ದರಿಂದ ಅಮ್ಮನೇ ಕಡೂರಿಗೆ ಬಂದಳು. ಬರುವಾಗ ಒಂದು ರೂಮ್ ಹೀಟರನ್ನೂ ಹೊತ್ತು ತಂದಳು. ಬಾಣಂತಿಗೆ, ಮಗುವಿಗೆ ಕೆಂಡದ ಅಗ್ಗಿಷ್ಟಿಕೆಯ ಕಾವು ಕೊಡುವುದು ನಮ್ಮಲ್ಲಿ ಪದ್ಧತಿ. ಹೊಗೆ ಕೂಡದು ಎಂದು ಡಾಕ್ಟರು ಅಂದದ್ದಕ್ಕೆ ಅಮ್ಮ ಕಂಡುಕೊಂಡ ಉಪಾಯ ಅದು. ಅಮ್ಮನ ಬಗ್ಗೆ ಒಂದು ಮಾತು ಹೇಳಿದರೆ ಸಾಕು: ಅವಳು ಯಾರನ್ನೂ ಕೇಳಿ ಕೆಲಸ ಮಾಡಿದವಳಲ್ಲ.

ಹೀಟರ್ ಬಂದ ಮೇಲೆ ಆ ಮನೆಯ ಲೆಕ್ಕ ಕೆಟ್ಟಿತು. ಮಗುವಿನ ಸ್ನಾನಕ್ಕೆ ಗೀಸರ್, ಸ್ನಾನವಾದ ಮೇಲೆ ಬೆಚ್ಚಗಿರಲೆಂದು ಮೊದಲೇ ಕೋಣೆಯಲ್ಲಿ ಹೀಟರ್, ಹಿಂದೆ ನಸೀಮಾಳ ಇಸ್ತ್ರಿ. ಅದು ಮದುವೆಗಳ ಕಾಲ, ಅವಳ ಕೈಯಲ್ಲಿ ರಾಶಿ ರವಿಕೆ. ಎಂಸಿಬಿ ಬೀಳತೊಡಗಿತು. ಮಗುವಿನ ಮೈಗೆ ಸೋಪು ಹಚ್ಚಿದಾಗ ಬೀಳುತ್ತಿತ್ತು, ಒರೆಸುವಾಗ ಬೀಳುತ್ತಿತ್ತು. ಹಸುಗೂಸು ನಡುಗುವುದನ್ನು ನೋಡಿ ನನಗೆ ಕಣ್ಣೀರು. ದೊಡ್ಡಮ್ಮ ಚಪ್ಪಲಿ ಮೆಟ್ಟಿ, ಲಟ್ಟಣಿಗೆ ಹಿಡಿದು ಬಂದು, ಹೀಟರ್ ಆರಿಸಿದ ಮೇಲೆಯೇ ಎಂಸಿಬಿ ಎತ್ತುತ್ತಿದ್ದರು.

"ಇದೇನ್ರೀ ಇದು, ಸುಡುಗಾಡು, ದಿನಾ ಬೀಳ್ತದೆ!" ಎಂದು ಅಮ್ಮ ರೇಗಿದಳು.

"ಬೀಳ್ಲಿ ಬಿಡಮ್ಮ. ಬಿದ್ರೆ ಎತ್ಬೋದು," ಎಂದರು ದೊಡ್ಡಮ್ಮ.

ಆ ವಾರ ಅವರು ನೆಂಟರ ಮನೆಯ ಕಾರ್ಯಕ್ಕೆಂದು ಅಮೃತಾಪುರಕ್ಕೆ ಹೋದರು. ಬಸ್ಸು ತರೀಕೆರೆ ದಾಟುವ ಮೊದಲೇ ಅಮ್ಮ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆತಂದಿದ್ದಳು. ಅವನು ಬೋರ್ಡು ನೋಡಿದ, ವೈರು ನೋಡಿದ, ತಲೆ ಕೆರೆದುಕೊಂಡ.

"ವೈರ್ ಹಳೇದು ಕಣಮ್ಮ."

"ನಾನ್ ವೈರಿನ ಸುದ್ದಿ ಕೇಳಿದ್ನಾ? ಅದು ಬೀಳ್ಬಾರ್ದು, ಅಷ್ಟೆ. ದೊಡ್ಡದ್ ಹಾಕು."

ಅವನು ಹದಿನಾರನ್ನು ಕಿತ್ತು ಮೂವತ್ತೆರಡನ್ನು ಹಾಕಿ ಹೋದ. ಅವತ್ತಿನಿಂದ ಅದು ಬೀಳಲಿಲ್ಲ. ಗೀಸರ್, ಹೀಟರ್, ಇಸ್ತ್ರಿ, ಮಿಕ್ಸಿ, ಎಲ್ಲ ಒಟ್ಟಿಗೆ. ಕೂಗು ನಿಂತಿತು. ಎಲ್ಲರಿಗೂ ಖುಷಿ, ನನಗೂ. ಮಗು ಬೆಚ್ಚಗೆ ಮಲಗಿತು. ಕೋಣೆಯಲ್ಲಿ ಏನೋ ಒಂಥರಾ ವಾಸನೆ ಎಂದು ನಾನು ಒಮ್ಮೆ ಅಂದೆ. "ಹೊಸ ಹೀಟರ್ ಅಲ್ವೇನೇ, ಎರಡು ದಿನ ಹಂಗೇ ಬರೋದು," ಎಂದಳು ಅಮ್ಮ.

ದೊಡ್ಡಮ್ಮ ಹಿಂತಿರುಗಿದ್ದು ಬೆಳಗಿನ ಹೊತ್ತು, ಮಗುವಿನ ಸ್ನಾನ ಮುಗಿದು ಅದನ್ನು ತೊಟ್ಟಿಲಿಗೆ ಹಾಕಿದ್ದಾಗ. ಅಮ್ಮ ತಾನು ಸ್ನಾನ ಮಾಡಲೆಂದು ಗೀಸರನ್ನು ಹಾಗೇ ಬಿಟ್ಟಿದ್ದಳು. ಅವರು ಚೀಲ ಹಿಡಿದು ಪಡಸಾಲೆಯಲ್ಲಿ ನಿಂತರು. ಬಚ್ಚಲಿನಲ್ಲಿ ಗೀಸರಿನ ಕೆಂಪು ದೀಪ, ನಮ್ಮ ಕೋಣೆಯಲ್ಲಿ ಹೀಟರಿನ ಕೆಂಪು, ಹಿಂದಿನಿಂದ ಕಾದ ಇಸ್ತ್ರಿಯಡಿ ಒದ್ದೆ ಬಟ್ಟೆ ಚುರ್ ಎನ್ನುವ ಸದ್ದು.

"ಯಾಕ್ ಯಾರೂ ಕೂಗ್ಲಿಲ್ಲ?" ಎಂದರು.

"ಇನ್ ಕೂಗದು ಬ್ಯಾಡ ಬಿಡ್ರೀ. ದೊಡ್ಡದ್ ಹಾಕ್ಸಿದೀನಿ. ಎಷ್ಟ್ ಹಾಕುದ್ರೂ ಬೀಳಕಿಲ್ಲ ಈಗ," ಎಂದಳು ಅಮ್ಮ, ಉಪಕಾರ ಮಾಡಿದವರ ಗತ್ತಿನಲ್ಲಿ.

ಬೀಳುವುದಿಲ್ಲ ಎಂಬ ಮಾತಿಗೆ ಒಬ್ಬರ ಮುಖ ಹಾಗಾಗುವುದನ್ನು ನಾನು ಆಮೇಲೆ ಎಂದೂ ನೋಡಿಲ್ಲ. ಚೀಲ ಕೈಯಿಂದ ಜಾರಿತು. ಬಾಣಂತಿ ಕೋಣೆಗೆ ಹೊರಗಿಂದ ಬಂದವರು ಕಾಲು ತೊಳೆಯದೆ ಬರಬಾರದು ಎನ್ನುತ್ತಿದ್ದವರೇ ಧೂಳುಗಾಲಲ್ಲಿ ನುಗ್ಗಿದರು. ವೈರು ಇಳಿದು ಬರುವ ಮರದ ಪಟ್ಟಿಯ ಮೇಲೆ ಹಿಂಗೈ ಇಟ್ಟು ಕೆಳಗಿನಿಂದ ಮೇಲಕ್ಕೆ ಸರಿಸಿದರು. ಅಟ್ಟದ ಹಲಗೆಯ ಹತ್ತಿರ ಬಂದಾಗ ಕೈ ಹಿಂದೆ ಹಾರಿತು. ಆ ಹಲಗೆಯ ಪಕ್ಕದ ತೊಲೆಗೇ ತೊಟ್ಟಿಲು ಕಟ್ಟಿದ್ದು.

"ಮಗೂನ ಎತ್ಕ," ಎಂದರು. ಕಿರುಚಲಿಲ್ಲ.

ನಾನು ಕೂತಲ್ಲೇ ಇದ್ದೆ. ಬಾಣಂತಿ ಮೈ, ಅದರ ಮೇಲೆ ಆ ಮುಖ ನೋಡಿದ ಗಾಬರಿ. ಅವರೇ ಮಗುವನ್ನು ಬಾಚಿ ನನ್ನ ಎದೆಗೆ ಒತ್ತಿ, ನನ್ನನ್ನು ರಟ್ಟೆ ಹಿಡಿದು ಎಳೆದು ಬೀದಿ ಜಗಲಿಯ ಮೇಲೆ ಕೂರಿಸಿದರು. ಮತ್ತೆ ಒಳಗೆ ಓಡಿದರು. ಚಪ್ಪಲಿ ಇಲ್ಲ, ಲಟ್ಟಣಿಗೆ ಇಲ್ಲ. ಬರಿಗೈಯಿಂದ ಬೋರ್ಡಿನ ಮೇನ್ ಸ್ವಿಚ್ ಎಳೆದರು. ಆಮೇಲೆ ಪಡಸಾಲೆಯ ಕಂಬ ಹಿಡಿದು ನಿಂತರು. ಹಿಂದಿನಿಂದ ಓಡಿಬಂದ ನಸೀಮಾ "ಯಾ ಅಲ್ಲಾ, ಏನಾಯ್ತು ದೊಡ್ಡಮ್ಮ?" ಎಂದು ಅವರನ್ನು ತಬ್ಬಿ ಹಿಡಿದಳು.

ಅದೇ ಎಲೆಕ್ಟ್ರಿಷಿಯನ್ ಮತ್ತೆ ಬಂದ. ಏಣಿ ಹಾಕಿ, ಟಾರ್ಚು ಹಿಡಿದು ಅಟ್ಟ ಹತ್ತಿದ. ಇಳಿಯುವಾಗ ಅವನ ಕೈಯಲ್ಲಿ ಒಂದು ತೆಂಗಿನಕಾಯಿ ಇತ್ತು. ಒಂದು ಪಕ್ಕದ ನಾರು ಕರ್ರಗೆ ಕಮರಿತ್ತು. ಹಳೆಯ ಜಾಯಿಂಟಿನ ಟೇಪು ಕರಗಿ ತೊಟ್ಟಿಕ್ಕಿ ಆ ಕಾಯಿಯ ಮೇಲೆ ಬಿದ್ದಿತ್ತು. ಅದನ್ನು ಅವನು ಜಗಲಿಯ ಮೇಲಿಟ್ಟಾಗ ನಾನು ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಕಾಯಿ ಏನು ಮಾಡುತ್ತದೆ, ಆದರೂ ಮುಚ್ಚಿಕೊಂಡೆ. ಆ ವಾಸನೆ ಕೋಣೆಯಲ್ಲಿ ನಾನು ಮೂಸಿದ್ದ ವಾಸನೆಯೇ. ಅದರಡಿಯಲ್ಲೇ ಮಗುವನ್ನು ಮಲಗಿಸಿ ಜೋಗುಳ ಹಾಡಿದ್ದೆ.

"ಎಂಸಿಬಿ ಇರೋದು ಗೀಸರ್ ಕಾಪಾಡಕ್ಕಲ್ಲ ಕಣಮ್ಮ, ವೈರ್ ಕಾಪಾಡಕ್ಕೆ," ಎಂದ ಅವನು ಅಮ್ಮನಿಗೆ. ಅವನಿಗೂ ಬೆವರು. "ಈ ವೈರ್ ತಡ್ಕಳೋದು ಹದಿನಾರು. ನಿಮ್ ಗೀಸರ್ ಎರಡು ಸಾವಿರ ವಾಟು, ಅದೇ ಒಂಬತ್ತು ಆಂಪ್ಸ್ ಎಳೀತದೆ. ಹೀಟರ್ ಇನ್ನೊಂದು ಒಂಬತ್ತು. ಇಸ್ತ್ರಿದು ನಾಲ್ಕೋ ಐದೋ. ಇಪ್ಪತ್ತೆರಡು ದಾಟ್ತು. ಹದಿನಾರರದ್ದು ಇದ್ದಿದ್ರೆ ಬಿದ್ದೋಗಿರೋದು. ಮೂವತ್ತೆರಡರದ್ದಕ್ಕೆ ಇಪ್ಪತ್ತೆರಡು ಲೆಕ್ಕಕ್ಕೇ ಇಲ್ಲ. ಅದು ಸುಮ್ನೆ ನೋಡ್ತಾ ಕೂತಿರ್ತದೆ, ವೈರ್ ಬೇಯ್ತದೆ."

"ಇದನ್ನ ಮೊದ್ಲೇ ಬೊಗಳಕ್ಕೇನಾಗಿತ್ತು ನಿಂಗೆ?"

"ವೈರ್ ಹಳೇದು ಅಂದೆ. ನೀವ್ ಕೇಳ್ಬೇಕಲ್ಲ."

ಅಮ್ಮ ದೊಡ್ಡಮ್ಮನ ಕಡೆ ತಿರುಗಿ ಅತ್ತಳು. ದೊಡ್ಡಮ್ಮನಿಗೆ ಅದು ಕಾಣುತ್ತಲೇ ಇರಲಿಲ್ಲ. ಅವರು ಎಲೆಕ್ಟ್ರಿಷಿಯನ್ನನ ಕೈ ಹಿಡಿದುಕೊಂಡಿದ್ದರು. ಹಾವಿನ ತಲೆಯ ಮಾತು ಮತ್ತೆ ಬರಲಿಲ್ಲ. ಗೀಸರಿಗೊಂದು, ಹೀಟರಿಗೊಂದು ಬೇರೆ ದಪ್ಪ ವೈರು, ಪ್ರತಿಯೊಂದಕ್ಕೂ ಅದರದೇ ಎಂಸಿಬಿ, ಮೂರು ಮನೆಗೂ ಬೇರೆ ಬೇರೆ ಲೈನು, ಎಲ್ಲ ಮಾಡು ಎಂದರು. ಅದಕ್ಕೆ ದಿನಗಳು ಬೇಕು ಎಂದ ಅವನು. ಸದ್ಯಕ್ಕೆ ಅಟ್ಟದ ಮೇಲಿನ ಸುಟ್ಟ ತುಂಡನ್ನು ಕತ್ತರಿಸಿ, ಪಟ್ಟಿಯೊಳಗಿನದನ್ನೂ ತೆಗೆದು, ದಪ್ಪ ವೈರು ಎಳೆದ. ಮೂವತ್ತೆರಡನ್ನು ಕಿತ್ತು ಹೊಸದೊಂದು ಹದಿನಾರನ್ನು ಕೂರಿಸಿದ. ನಸೀಮಾ, ಅವಳ ಗಂಡ, ಅಮ್ಮ ಸೇರಿ ಅಟ್ಟದ ಕಾಯಿಯನ್ನೆಲ್ಲ ಹಿತ್ತಲಿಗೆ ಇಳಿಸಿದರು. ಇಷ್ಟಾಗುವಾಗ ಹೊತ್ತು ಇಳಿದಿತ್ತು. ಬಿಸಿಲು ಹೋದ ಜಗಲಿಯಲ್ಲಿ ಗಾಳಿ ತಣ್ಣಗಾಗಿತ್ತು. ಮಗು ಹಾಲು ಕುಡಿದರೂ ಸಮಾಧಾನವಿಲ್ಲದೆ ಕುಂಯ್‌ಗುಡುತ್ತಿತ್ತು. ಅದರ ಪಾದ ಮುಟ್ಟಿದರೆ ತಣ್ಣಗೆ.

"ಎಲ್ಲ ಸರಿಹೋಯ್ತು. ಒಳಗ್ ಕರ್ಕಂಡೋಗಿ," ಎಂದ ಎಲೆಕ್ಟ್ರಿಷಿಯನ್.

"ಇರು," ಎಂದರು ದೊಡ್ಡಮ್ಮ. ನಾನು ಎದ್ದವಳು ಮತ್ತೆ ಕೂತೆ.

ಅವರು ಗೀಸರ್ ಹಾಕಿದರು. ಕೋಣೆಗೆ ಹೋಗಿ ಹೀಟರ್ ಹಾಕಿದರು. ನಸೀಮಾಗೆ ಇಸ್ತ್ರಿ ಹಾಕು ಎಂದರು, ಅಮ್ಮನಿಗೆ ಮಿಕ್ಸಿ ತಿರುಗಿಸು ಎಂದರು, ಸಂಪಿನ ಮೋಟಾರನ್ನೂ ಹಾಕಿಸಿದರು. ಆ ಮನೆಯಲ್ಲಿ ಮೋಟಾರೂ ಸೇರಿ ಅಷ್ಟೂ ಒಟ್ಟಿಗೆ ಓಡಿದ್ದು ಅದೇ ಮೊದಲು. ಆಮೇಲೆ ಬೋರ್ಡಿನ ಮುಂದೆ ಬಂದು ನಿಂತರು. ಜಗಲಿಯಿಂದ ನನಗೆ ಅವರ ಬೆನ್ನು ಕಾಣುತ್ತಿತ್ತು.

ಬೀಳಲಿಲ್ಲ.

"ತಕ್ಷಣಕ್ಕೆ ಬೀಳಕಿಲ್ಲಮ್ಮ, ಒಳಗೆ ಕಾದ ಮೇಲೇ ಅದು..." ಎಂದು ಅವನು ಹೇಳಹೋದ. ಅವರು ಕೈ ಎತ್ತಿ ಸುಮ್ಮನಿರಿಸಿದರು. ಮಿಕ್ಸಿ ಖಾಲಿಯಾಗಿ ಗಿರಗುಟ್ಟುತ್ತಿತ್ತು. ಹಿತ್ತಲಲ್ಲಿ ಮೋಟಾರು ಮೊರೆಯುತ್ತಿತ್ತು. ನಸೀಮಾ ತುಟಿಯಲ್ಲೇ ಏನೋ ಓದಿಕೊಳ್ಳುತ್ತಿದ್ದಳು. ನನ್ನ ಎದೆ ಬಡಿತಕ್ಕೆ ಮಗು ಕಣ್ಣು ಬಿಟ್ಟಿತು. ದೊಡ್ಡಮ್ಮ ಎರಡೂ ಕೈ ಜೋಡಿಸಿದ್ದರು, ದೇವರ ಮುಂದೆ ನಿಂತ ಹಾಗೆ.

"ಬೀಳೋ," ಎಂದರು. ಮತ್ತೆ, "ಬೀಳೋ ನಮ್ಮಪ್ಪ, ಬೀಳೋ."

ಟಕ್.

ಎಲ್ಲ ಸದ್ದೂ ಒಟ್ಟಿಗೆ ನಿಂತುಹೋಯಿತು. ಒಳಗೆ ಕತ್ತಲು. ಆ ಕತ್ತಲೊಳಗಿಂದ ಅವರು ಗೋಡೆ ಹಿಡಿದುಕೊಂಡು ನಿಧಾನವಾಗಿ ಬಾಗಿಲಿಗೆ ಬಂದರು. ಮುಖವೆಲ್ಲ ಒದ್ದೆ.

"ಬಿತ್ತು ಕಣೇ," ಎಂದರು. "ಈಗ ಮಗೂನ ಮಲಗ್ಸು."